ಹೊಲಿಗೆ ಎಲ್ಲೈತಿ

ತುಂಗಭದ್ರೆಯ ದಂಡೆಯ ಮೇಲೆ ಸಾವಂತ್ರವ್ವನ ಗುಡಿಸಲಿತ್ತು. ಜನ ಅದನ್ನು ಆಶ್ರಮ ಎನ್ನುತ್ತಿದ್ದರು. ಅವಳು ಗುಡಿಸಲು ಎನ್ನುತ್ತಿದ್ದಳು.

ಅಲ್ಲಿ ದೇವರ ಪಟ ಇರಲಿಲ್ಲ. ಪಾದಪೂಜೆ ಇರಲಿಲ್ಲ. ಕಾಲು ಮುಟ್ಟಲು ಬಾಗಿದವರ ಕೈಗೆ ಅವಳು ಸೂಜಿ ಕೊಡುತ್ತಿದ್ದಳು. ಬಂದವರು ಹಳೆ ಬಟ್ಟೆ ಜೋಡಿಸಿ ಕೌದಿ ಹೊಲಿಯಬೇಕು, ಹೊಲಿಯುತ್ತ ಕಲಿಯಬೇಕು. ಕಲಿಸುತ್ತಿದ್ದದ್ದು ಮಂತ್ರವಲ್ಲ, ಇಂಗ್ಲಿಷ್.

ಅವಳಿಗೆ ಅದನ್ನು ಯಾವ ಶಾಲೆಯೂ ಕಲಿಸಿರಲಿಲ್ಲ. ಪ್ರಾಯದಲ್ಲಿ ಕೂಲಿ ಹೆಚ್ಚಿಸಿ ಎಂದು ರಸ್ತೆಗೆ ಅಡ್ಡ ಕೂತದ್ದಕ್ಕೆ ಅವಳ ಮೇಲೆ ಕೇಸಾಗಿತ್ತು. ಕೋರ್ಟಿನಲ್ಲಿ ವಕೀಲರೂ ಜಡ್ಜೂ ಬೆಳಗಿಡೀ ಅವಳ ಬಗ್ಗೆಯೇ ಇಂಗ್ಲಿಷಿನಲ್ಲಿ ಮಾತಾಡಿದರು. ಆಮೇಲೆ ಅವಳನ್ನು ಜೈಲಿಗೆ ಒಯ್ದರು. ಅಷ್ಟು ಮಾತಿನಲ್ಲಿ ಅವಳಿಗೆ ತಿಳಿದದ್ದು ಒಯ್ದದ್ದು ಮಾತ್ರ.

ಜೈಲಿನಲ್ಲಿ ಅವಳು ಅಳಲಿಲ್ಲ. ರಟ್ಟು ಕಿತ್ತುಹೋದ ಒಂದು ಡಿಕ್ಷನರಿ ಕೇಳಿ ಪಡೆದಳು.

ಆ ಗುಡಿಸಲಿಗೆ ಹುಲಿಗೆಮ್ಮ ಬಂದಳು. ಭತ್ತದ ಗದ್ದೆಯಲ್ಲಿ ನಾಟಿ ಮಾಡುವ ಗುಂಪಿನವಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬರುವಾಗಲೇ ಸಿಟ್ಟಿನಲ್ಲಿದ್ದಳು.

"ಅವ್ವಾರ, ನನಗ ಇಂಗ್ಲಿಷ್ ಬೇಕ್ರಿ."

"ಯಾಕಬೇ?"

"ನಮ್ಮಕ್ಕ ದುರುಗವ್ವಗ ಹೊಟ್ಟಿನೋವು. ಬಿಳಿ ಹೋಗ್ತೈತಿ, ನಡ ಹಿಡೀತೈತಿ. ಪ್ಯಾಟಿ ದವಾಖಾನಿಗೆ ಕರಕೊಂಡು ಹೋದ್ರ ಡಾಕ್ಟರು ನರ್ಸಿನ ಜೋಡಿ ಇಂಗ್ಲಿಷಿನಾಗ ಮಾತಾಡ್ತಾನ. ನಮ್ಮ ಕಡೆ ಕಣ್ಣೆತ್ತಿ ನೋಡಂಗಿಲ್ಲ. ಹೊಟ್ಟಿ ನಮ್ಮಕ್ಕಂದು. ತಿಳಿಯೂದು ಮಾತ್ರ ಅವಂಗ."

ಸಾವಂತ್ರವ್ವ ಸೂಜಿ ಕೆಳಗಿಟ್ಟಳು.

"ಈಗ ಎಷ್ಟು ಬರ್ತೈತಿ?"

"ಡಿಕ್ಷನರಿ ತಂದು ಬಾಯಿಪಾಠ ಮಾಡಾಕ ಹತ್ತೀನ್ರಿ. 'ಎ' ಮುಗದೈತಿ. 'ಬಿ' ಅರ್ಧ ಆಗೈತಿ."

"'ಝಡ್' ಮುಟ್ಟೂದ್ರಾಗ ನಿಮ್ಮಕ್ಕ ಇರ್ತಾಳೇನು?"

ಹುಲಿಗೆಮ್ಮನ ಮೂಗಿನ ಹೊಳ್ಳೆಗಳು ಅರಳಿದವು.

ಸಾವಂತ್ರವ್ವ ಮೂಲೆಯಿಂದ ಒಂದು ಹಳೆಯ ಕೌದಿ ಎಳೆದು ಅವಳ ಮುಂದೆ ಹಾಕಿದಳು.

"ಇದನ್ನ ಬಿಚ್ಚು."

"ನಾ ಇಂಗ್ಲಿಷ್ ಕೇಳಾಕ ಬಂದೀನ್ರಿ."

"ಅದನ್ನ ಕೊಟ್ಟೀನಿ."

ಹುಲಿಗೆಮ್ಮ ಸೊಂಟದಲ್ಲಿದ್ದ ಕುಡಗೋಲು ತೆಗೆದು ಕೌದಿಯ ನಡುವೆ ಹಾಕಿದಳು. ಸಾವಂತ್ರವ್ವ ಅವಳ ಕೈಗೆ ಫಟ್ಟನೆ ಹೊಡೆದಳು.

"ಹರದ್ರ ಅರಿವಿ ಹಾಳು. ಹೊಲಿಗೆ ಎಲ್ಲೈತಿ, ಮೊದಲ ಹುಡುಕು."

ಹುಲಿಗೆಮ್ಮ ಬೆರಳಾಡಿಸಿ ಹುಡುಕಿದಳು. ಒಂದು ಗಂಟು ಸಿಕ್ಕಿತು. ಗಂಟು ಬಿಡಿಸಿ ನೂಲು ಎಳೆದಳು. ಒಂದು ತುಂಡು ಕಳಚಿ ಬಂತು, ಹಸಿರು ಸೀರೆಯ ಅಂಚು. ಇನ್ನೊಂದು ಬಂತು, ಮಗುವಿನ ಅಂಗಿ. ಅದರ ಕೆಳಗೆ ಧೋತರ.

"ಅಯ್ಯ, ಇದು ಯಾರದೋ ಮದಿವಿ ಸೀರಿ ಇದ್ದಂಗೈತಲ್ರಿ!"

"ಬಿಚ್ಚೂ ಮೊದಲ ಗೊತ್ತಾಗಿತ್ತೇನು?"

"ಇಲ್ರಿ. ಬರೇ ಕೌದಿ ಅಂತ ಗೊತ್ತಿತ್ತು."

"ಇಷ್ಟರಾಗ ಇಂಗ್ಲಿಷ್ ತಿಳೀತೇನು?"

"ಇಲ್ರಿ."

"ಚಲೋ ಆತು. ತಿಳೀತು ಅಂದಿದ್ರ ಹೊರಗ ಹಾಕ್ತಿದ್ದೆ."

ಮರುದಿನವೂ ಹುಲಿಗೆಮ್ಮ ಬಂದಳು. ಇಬ್ಬರೂ ಕೌದಿಯ ಎರಡು ಮಗ್ಗುಲಿಗೆ ಕೂತರು.

"ಫೋನು ಖಾಲಿ ಆದ್ರ ಏನ್ ಮಾಡಸ್ತಿ?" ಸಾವಂತ್ರವ್ವ ಕೇಳಿದಳು.

"ರೀಚಾರ್ಜ್ ಮಾಡಸ್ತೀನ್ರಿ."

"ದವಾಖಾನಿಯಿಂದ ಮನಿಗೆ ಕಳಸೂದಕ್ಕ?"

"ಡಿಸ್‌ಚಾರ್ಜ್."

"ಗ್ವಾಡಿಗೆ ಚುಚ್ಚೂದು?"

"ಚಾರ್ಜರ್. ಇವೆಲ್ಲಾ ಎಲ್ಲಾರಿಗೂ ಗೊತ್ತಿದ್ದದ್ದ ಅಲ್ರಿ?"

"ಹೊಲಿಗೆ ಎಲ್ಲೈತಿ?"

ಹುಲಿಗೆಮ್ಮನ ಕೈ ನಿಂತಿತು. ಮೂರು ಮಾತನ್ನೂ ಮೆಲ್ಲಗೆ ಬಾಯಲ್ಲಿ ಹೊರಳಿಸಿದಳು.

"ಚಾರ್ಜ್ ಅನ್ನೂದು ಮೂರರಾಗೂ ಐತಿ."

"ಅದು ಹೊಟ್ಟಿ. ಚಾರ್ಜ್ ಅಂದ್ರ ಹೇರೂದು. ಹಿಂದಕ ಬಂಡಿಗೆ ಹೇರ್ತಿದ್ರು, ಈಗ ಫೋನಿಗೆ ಹೇರ್ತಾರ. ಅದಕ್ಕ 'ರೀ' ಅಂತ ತಲಿ ಹೊಲದ್ರ?"

"ಮತ್ತ... ಮತ್ತ ಹೇರೂದು."

"'ಡಿಸ್' ಅಂತ ತಲಿ ಹೊಲದ್ರ?"

"ಇಳಸೂದು!"

"ಹಿಂದ 'ಅರ್' ಅಂತ ಬಾಲ ಹೊಲದ್ರ?"

"ಹೇರಾಂವ." ಹುಲಿಗೆಮ್ಮ ಒಮ್ಮೆಲೆ ನಕ್ಕಳು. "ಹಂಗಾದ್ರ ನಮ್ಮ ಭಾವ ಚಾರ್ಜರ್ ಅಲ್ರಿ? ಅಕ್ಕನ ತಲಿ ಮ್ಯಾಲ ಬರೇ ಹೇರ್ತಾನ."

"ಈಗ ನಿನಗ ಇಂಗ್ಲಿಷ್ ಹತ್ತಾಕ ಹತ್ತೈತಿ," ಎಂದಳು ಸಾವಂತ್ರವ್ವ.

ಶಾಲೆಗಳಲ್ಲಿ ಈ ತಲೆ, ಹೊಟ್ಟೆ, ಬಾಲಗಳಿಗೆ ಪೂರ್ವಪ್ರತ್ಯಯ, ಧಾತು, ಪ್ರತ್ಯಯ ಎಂಬ ಹೆಸರುಗಳಿವೆ. ಬಡವರ ಮಕ್ಕಳನ್ನು ಹಿಂದಿನ ಬೆಂಚಿಗೆ ಅಟ್ಟಲು ಆ ಹೆಸರುಗಳೇ ಸಾಕು. ಗುಡಿಸಲಿನಲ್ಲಿ ಅವು ಬೇಕಾಗಲಿಲ್ಲ.

ಹುಲಿಗೆಮ್ಮ ಕಂಡಲ್ಲೆಲ್ಲ ಹೊಲಿಗೆ ಹುಡುಕತೊಡಗಿದಳು. ಲಾರಿಯ ಹಿಂದೆ ಓದಿದಳು, ಔಷಧಿಯ ಡಬ್ಬದ ಮೇಲೆ ಓದಿದಳು. ಓವರ್‌ಲೋಡ್, ಅನ್‌ಲೋಡ್, ಲೋಡರ್. ನಾಟಿ ಮಾಡುತ್ತ ಮಾಡುತ್ತ ಪಕ್ಕದವಳಿಗೆ ಕೂಗಿ ಹೇಳುವಳು. "ಇವಳಿಗೆ ಹುಚ್ಚು ಹಿಡದೈತಿ" ಎಂದು ಪಕ್ಕದವಳು ಕೆಸರು ಎರಚುವಳು.

ಒಂದು ಮಧ್ಯಾಹ್ನ ಸಾವಂತ್ರವ್ವ ಸೆರಗು ಸರಿಸಿ ಹೊಟ್ಟೆಯ ಬಲಗಡೆ ಇದ್ದ ಹಳೆಯ ಗಾಯದ ಗೆರೆ ತೋರಿಸಿದಳು.

"ಜೈಲಿನಾಗ ಇದ್ದಾಗ ಆದದ್ದು. ಮೊದಲ ಅಪೆಂಡಿಸೈಟಿಸ್ ಅಂದ್ರು. ಆಮ್ಯಾಲ ಅಪೆಂಡೆಕ್ಟಮಿ ಅಂದ್ರು."

"ಹೊಟ್ಟಿ ಒಂದ ಐತ್ರಿ. ಬಾಲ ಬ್ಯಾರೆ ಬ್ಯಾರೆ."

"ಬಾಲದಾಗ ಬಾಳೇ ಐತಿ ನೋಡು. 'ಐಟಿಸ್' ಅಂದ್ರ ಬಾವು ಬಂದೈತಿ ಅಂತ. 'ಎಕ್ಟಮಿ' ಅಂದ್ರ ಕಡದು ತಗೀತಾರ ಅಂತ."

"ಏನ್ ಕಡೀತಾರ ಅನ್ನೂದು?"

"ಅದು ಮಾತಿನ ಹೊಟ್ಟ್ಯಾಗ ಇರ್ತೈತಿ."

"ಆ ಹೊಟ್ಟಿ ನನಗ ಗೊತ್ತಿಲ್ಲದ ಹೊಟ್ಟಿ ಆಗಿದ್ರ? ಡಿಕ್ಷನರಿ ಕೈಯಾಗ ಇಲ್ದಿದ್ರ?"

"ಬಾಯಿ ಮನ್ಯಾಗ ಇಟ್ಟು ಹೋಗ್ತಿಯೇನು?" ಎಂದು ಸಾವಂತ್ರವ್ವ ಮತ್ತೆ ಸೂಜಿ ಹಿಡಿದಳು.

ದುರುಗವ್ವನ ನೋವು ಹೆಚ್ಚಾಯಿತು. ಅವಳು ಗದ್ದೆಯ ಬದುವಿನ ಮೇಲೆ ಮುದುಡಿ ಕೂತುಬಿಟ್ಟಳು. ಹುಲಿಗೆಮ್ಮ ಅಕ್ಕನನ್ನು ಪೇಟೆಯ ಅದೇ ಖಾಸಗಿ ದವಾಖಾನೆಗೆ ಕರೆದೊಯ್ದಳು.

ವರಾಂಡದಲ್ಲಿ ಹೆಂಗಸರು ಸಾಲಾಗಿ ನೆಲದ ಮೇಲೆ ಕೂತಿದ್ದರು. ಎಲ್ಲರೂ ಕೂಲಿಯವರು. ಎಲ್ಲರ ಕೈಯೂ ಹೊಟ್ಟೆಯ ಮೇಲಿತ್ತು.

ಡಾಕ್ಟರು ದುರುಗವ್ವನ ಹೊಟ್ಟೆ ಒತ್ತಿದ. ಅವಳ ಮುಖ ನೋಡಲಿಲ್ಲ. ನರ್ಸಿನ ಕಡೆ ತಿರುಗಿ, "ಹಿಸ್ಟೆರೆಕ್ಟಮಿ. ಗುರುವಾರಕ್ಕೆ ಹಾಕಿ," ಎಂದ.

ಆಮೇಲೆ ದುರುಗವ್ವನಿಗೆ ಹೇಳಿದ. "ಸಣ್ಣ ಆಪರೇಷನ್ ಅಮ್ಮಾ. ಹೊಟ್ಟೆ ಕ್ಲೀನ್ ಮಾಡ್ತೀವಿ. ಗುರುವಾರ ಬಂದುಬಿಡಿ."

"ಹೂನ್ರೀ ಸಾಹೇಬ್ರ," ಎಂದು ದುರುಗವ್ವ ಕೈ ಮುಗಿದಳು.

ಹುಲಿಗೆಮ್ಮ ಆ ಉದ್ದ ಮಾತನ್ನು ಬೆರಳಲ್ಲಿ ಹಿಡಿದವಳಂತೆ ನಿಂತಿದ್ದಳು. ಅದರ ಮೊದಲ ತುಂಡು ಅವಳು ಎಂದೂ ಕೇಳದ್ದು. ಬಾಲ ಮಾತ್ರ ಗೊತ್ತಿದ್ದದ್ದು.

"ಸರ, ಎಕ್ಟಮಿ ಅಂದ್ರ ಕಡದು ತಗಿಯೂದು. ನೀವು ಕ್ಲೀನ್ ಅಂತೀರಿ. ಏನ್ ಕಡದು ತಗೀತೀರಿ?"

ಡಾಕ್ಟರು ಮೊದಲ ಸಲ ಮುಖ ಎತ್ತಿದ.

"ಯಾರಮ್ಮಾ ನೀನು? ಏನು ಓದಿದ್ದೀಯ?"

"ಏಳನೇತ್ತ. ಏನ್ ತಗೀತೀರಿ?"

"ಅದೆಲ್ಲ ನಿಮಗೆ ಅರ್ಥ ಆಗಲ್ಲ."

ಅವನ ಹಿಂದೆ ನಿಂತಿದ್ದ ನರ್ಸು ತನ್ನ ಅಂಗೈಯನ್ನು ತನ್ನ ಕಿಬ್ಬೊಟ್ಟೆಯ ಮೇಲೆ ಇಟ್ಟುಕೊಂಡಳು. ಅಲ್ಲೇ ಇಟ್ಟುಕೊಂಡು ನಿಂತಳು.

ದುರುಗವ್ವ ಆ ಕೈ ನೋಡಿದಳು.

"ಗರ್ಭಚೀಲಾನ?" ಎಂದಳು. ಅವಳಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಯಾರೂ ಅಲ್ಲ ಎನ್ನಲಿಲ್ಲ.

"ಕಳ್ಳ!" ಹುಲಿಗೆಮ್ಮ ಕಿರುಚಿದಳು. "ಕೋಟು ಹಾಕ್ಕೊಂಡ ಕಟುಕ! ಕ್ಲೀನ್ ಅಂತ! ನಮ್ಮಕ್ಕ ಏನು ಹಿತ್ತಲ ಗಟಾರೇನು?" ಕುರ್ಚಿ ಒದ್ದಳು. ಅಕ್ಕನ ರಟ್ಟೆ ಹಿಡಿದು ಹೊರಗೆ ಎಳೆದಳು. ವರಾಂಡದ ಹೆಂಗಸರು ಬೆಚ್ಚಿ ದಾರಿ ಬಿಟ್ಟರು. ಅವರಿಗೆ ಅವಳು ಒಂದು ಮಾತೂ ಹೇಳಲಿಲ್ಲ.

ಮರುದಿನ ಅವಳು ಗುಡಿಸಲಿಗೆ ಓಡಿಬಂದಳು.

"ಗೆದ್ದೆ ಅವ್ವಾರ! ಬಾಲ ಹಿಡದು ಎಳದೆ ನೋಡ್ರಿ, ಒಳಗಿದ್ದದ್ದೆಲ್ಲಾ ಹೊರಗ ಬಿತ್ತು! ಅವನ ಮಾರಿ ನೋಡಬೇಕಿತ್ತು ನೀವು!"

ನಡೆದದ್ದನ್ನೆಲ್ಲ ಹೇಳಿದಳು. ಕುರ್ಚಿ ಒದ್ದದ್ದನ್ನು ಎರಡು ಸಲ ಹೇಳಿದಳು.

ಸಾವಂತ್ರವ್ವ ಪೂರಾ ಕೇಳಿದಳು.

"ನಿಮ್ಮಕ್ಕನ ಹೊಟ್ಟಿನೋವು?"

ಹುಲಿಗೆಮ್ಮನ ದನಿ ಇಳಿಯಿತು. "ಹಂಗ ಐತ್ರಿ. ಬೆಳತನಕ ಹೊರಳಾಡಿದ್ಲು."

"ಯಾಕ ನೋವು ಅಂತ ಕೇಳಿದೇನು?"

"ಬೈದೆ."

"ಬೈದದ್ದು ಚಲೋ ಆತು. ನಾನೂ ಬೈತಿದ್ದೆ. ಕೇಳಿದೇನು?"

"ಇಲ್ರಿ."

ಹೊಳೆಯ ಕಡೆಯಿಂದ ಚಳಿಗಾಳಿ ಬೀಸುತ್ತಿತ್ತು. ಸಾವಂತ್ರವ್ವ ಎದ್ದು, ಹುಲಿಗೆಮ್ಮ ಮೊದಲ ದಿನ ಬಿಚ್ಚಿಟ್ಟಿದ್ದ ತುಂಡುಗಳನ್ನೆಲ್ಲ ಎರಡೂ ಕೈಯಲ್ಲಿ ಬಾಚಿ ತಂದಳು. ಅವಳ ತಲೆಯ ಮೇಲೆ ಸುರಿದಳು.

"ಹೊದ್ಕೋ."

ಹಸಿರು ಅಂಚು ಹೆಗಲಿನಿಂದ ಜಾರಿತು. ಮಗುವಿನ ಅಂಗಿ ಗಾಳಿಗೆ ಹಾರಿ ಜಾಲಿಯ ಕಂಟಿಗೆ ಸಿಕ್ಕಿಕೊಂಡಿತು.

"ಚಳಿ ಹೋತೇನು?"

"ಬಿಡಿ ತುಂಡು ಹೊದ್ರ ಚಳಿ ಹೆಂಗ ಹೋಗ್ತೈತ್ರಿ?"

ಸಾವಂತ್ರವ್ವ ಹೋಗಿ ತನ್ನ ಹೊಲಿಗೆ ಹಿಡಿದು ಕೂತಳು.

ಹುಲಿಗೆಮ್ಮ ಹೊರಗೆ ಹೋಗಿ ಜಾಲಿಯ ಮುಳ್ಳಿನಿಂದ ಅಂಗಿ ಬಿಡಿಸಿಕೊಂಡಳು. ಬೆರಳಿಗೆ ಮುಳ್ಳು ತಾಗಿತು. ಒಂದೊಂದು ತುಂಡನ್ನೂ ಆರಿಸಿ, ಮಡಿಚಿ, ಒಳಗೆ ತಂದಿಟ್ಟಳು.

"ಅವ್ವಾರ," ಎಂದಳು ಕೊನೆಗೆ. "ಮಾತು ಬಿಚ್ಚಿದ್ರ ಏನ್ ಮಾಡ್ತಾರ ಅಂತ ತಿಳೀತು. ಯಾಕ ಮಾಡ್ತಾರ ಅನ್ನೂದು ಮಾತಿನೊಳಗ ಇಲ್ಲ."

"ಮತ್ತ ಎಲ್ಲೈತಿ?"

"ಕೇಳಬೇಕ್ರಿ."

"ಯಾರನ್ನ?"

"ಅವನನ್ನ."

"ಅವನನ್ನೂ. ಇನ್ನೊಬ್ಬರನ್ನೂ."

"ಸಿಟ್ಟು ಬರ್ತೈತ್ರಿ ನನಗ."

"ಬರಲಿ. ಸಿಟ್ಟು ಇಲ್ದಾಕಿ ಇಲ್ಲಿಗೆ ಯಾಕ ಬರ್ತಾಳ? ಅದನ್ನ ಸೂಜಿಗೆ ಪೋಣಿಸು. ಕುಡಗೋಲಿಗೆ ಕಟ್ಟಬ್ಯಾಡ."

ಗುರುವಾರ ಅಕ್ಕ ತಂಗಿ ಇಬ್ಬರೂ ದವಾಖಾನೆಗೆ ಹೋದರು. ಹುಲಿಗೆಮ್ಮ ಡಾಕ್ಟರ ಕೋಣೆಯ ಬಾಗಿಲನ್ನು ಮುಚ್ಚಲು ಬಿಡಲಿಲ್ಲ. ಹೊಸ್ತಿಲ ಮೇಲೇ ನಿಂತಳು.

"ಬುದ್ಧಿ ಬಂತಾ?" ಎಂದ ಡಾಕ್ಟರು.

"ಬಂತ್ರಿ. ಗರ್ಭಚೀಲ ಯಾಕ ತಗೀಬೇಕು?"

"ಬಿಟ್ಟರೆ ಕ್ಯಾನ್ಸರ್ ಆಗುತ್ತೆ."

ದುರುಗವ್ವ ತಂಗಿಯ ಕೈ ಹಿಡಿದಳು. ಹುಲಿಗೆಮ್ಮ ಆ ಕೈ ಬಿಡದೆ ಕೇಳಿದಳು.

"ಆಗೈತೋ, ಆಗ್ತೈತೋ?"

"ಆಗಬಹುದು."

"ಯಾವ ಪರೀಕ್ಷಾ ಮಾಡಿ ನೋಡಿದ್ರಿ?"

"ನನಗೆ ಅನುಭವ ಇದೆಯಮ್ಮ. ಈ ಕಡೆ ಹೆಂಗಸರಿಗೆಲ್ಲ ಇದೇ ಪ್ರಾಬ್ಲಮ್."

"ಎಲ್ಲಾರಿಗೂ ಒಂದ ರೋಗ, ಒಂದ ಆಪರೇಷನ್? ಮಾತ್ರಿ ಕೊಟ್ಟು ನೋಡಿದ್ರೇನು?"

"ನನಗೆ ಪಾಠ ಹೇಳಬೇಡ. ಹೊರಗೆ ನಡಿ."

"ನಡೀತೀನ್ರಿ. ಕೇಳೂದು ಮುಗೀತು. ನೀವು ಹೇಳಲಿಲ್ಲ."

ವರಾಂಡದಲ್ಲಿ ಎಲ್ಲರೂ ಕೇಳಿಸಿಕೊಂಡಿದ್ದರು. ಒಬ್ಬಳು ಹುಲಿಗೆಮ್ಮನ ಸೀರೆ ಹಿಡಿದು ಜಗ್ಗಿದಳು.

"ತಂಗೀ, ನನಗೂ ಕ್ಲೀನ್ ಅಂತ ಅಂದಾರ. ನನಗೂ ಅದ ಏನು?"

ಈ ಸಲ ಹುಲಿಗೆಮ್ಮ ನಿಂತಳು. ನೆಲಕ್ಕೆ ಕೂತಳು. ತಿಳಿದಷ್ಟನ್ನು ಹೇಳಿದಳು. ತಿಳಿಯದ್ದನ್ನು ತಿಳಿಯದು ಎಂದಳು. "ಬ್ಯಾಡ ಅಂತ ನಾ ಹೇಳಂಗಿಲ್ಲ. ಯಾಕ ಅಂತ ಕೇಳ್ರಿ. ಇನ್ನೊಂದು ಕಡೆ ತೋರಸ್ರಿ. ಆಮ್ಯಾಲ ಹೂನ್ ಅನ್ರಿ."

ಗೋಡೆಗೆ ಒರಗಿದ್ದ ಒಬ್ಬಳು ನೆಲ ನೋಡುತ್ತ, "ನನಗ ಮಾಡಿ ಮುಗಿಸ್ಯಾರ," ಎಂದಳು.

ಹುಲಿಗೆಮ್ಮ ಅವಳ ಪಕ್ಕಕ್ಕೆ ಹೋಗಿ ಸ್ವಲ್ಪ ಹೊತ್ತು ಕೂತಳು.

ಅಲ್ಲಿಂದ ಅಕ್ಕ ತಂಗಿ ಜಿಲ್ಲಾ ಆಸ್ಪತ್ರೆಯ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಹುಲಿಗೆಮ್ಮ ಅಕ್ಕನಿಗೆ ಎರಡು ಬಾಲಗಳನ್ನು ಕಲಿಸಿದಳು. ದುರುಗವ್ವ ಒಂದನ್ನು ಎಡಗೈಯಲ್ಲಿ, ಒಂದನ್ನು ಬಲಗೈಯಲ್ಲಿ ಹಿಡಿದವಳಂತೆ ಮುಷ್ಟಿ ಬಿಗಿದುಕೊಂಡು ಹೇಳಿಕೊಂಡಳು. ಐಟಿಸ್, ಬಾವು. ಎಕ್ಟಮಿ, ಕಡಿಯೂದು.

ಅಲ್ಲಿಯೂ ಕಾಯಬೇಕಾಯಿತು, ಮತ್ತೆ ಬರಬೇಕಾಯಿತು. ರಕ್ತ ನೋಡಿದರು, ಸ್ಕ್ಯಾನ್ ಮಾಡಿದರು, ಕ್ಯಾನ್ಸರಿನ ಪರೀಕ್ಷೆಯನ್ನೂ ಮಾಡಿದರು. ಕೊನೆಗೆ ಲೇಡಿ ಡಾಕ್ಟರು ಪಕ್ಕದವರಿಗೆ ಹೇಳಿದಳು. "ಸರ್ವಿಸೈಟಿಸ್."

ಹುಲಿಗೆಮ್ಮ ಬಾಯಿ ತೆರೆಯುವ ಮೊದಲೇ ದುರುಗವ್ವ ಎಡಗೈ ಎತ್ತಿದಳು.

"ಐಟಿಸ್ ಅಂದ್ರ ಬಾವು. ಎಲ್ಲಿ ಬಾವು ಬಂದೈತ್ರಿ, ಬಾಯಾರ?"

ಡಾಕ್ಟರು ಅವಳನ್ನು ನೋಡಿದಳು. ಕುರ್ಚಿ ಹತ್ತಿರ ಎಳೆದುಕೊಂಡು ಚೀಟಿಯ ಹಿಂದೆ ಒಂದು ಚಿತ್ರ ಬರೆದಳು.

"ಇದು ನಿಮ್ಮ ಗರ್ಭಕೋಶ. ಇದು ಅದರ ಬಾಯಿ. ಇಲ್ಲಿ ಸೋಂಕಾಗಿ ಬಾವು ಬಂದಿದೆ. ಕ್ಯಾನ್ಸರ್ ಇಲ್ಲ."

"ಕಡಿಬೇಕೇನ್ರಿ?"

"ಬಾವಿಗೆ ಯಾಕಮ್ಮಾ ಕಡಿಯೋದು? ಮಾತ್ರೆ ಕೊಡ್ತೀನಿ. ತಪ್ಪದೆ ತಗೊಳ್ಳಿ, ಮತ್ತೆ ಬಂದು ತೋರಿಸಿ. ನಿಮ್ಮ ಯಜಮಾನರೂ ತಗೋಬೇಕು."

"ನಮ್ಮ ಭಾವನೂ?" ಎಂದಳು ಹುಲಿಗೆಮ್ಮ.

"ಅವರು ತಗೊಳ್ಳದಿದ್ದರೆ ಇವರಿಗೆ ಮತ್ತೆ ಬರುತ್ತೆ."

ದುರುಗವ್ವ ಬಹಳ ದಿನಗಳ ಮೇಲೆ ನಕ್ಕಳು. "ಆ ಚಾರ್ಜರ್‌ಗೆ ನಾ ನುಂಗಸ್ತೀನಿ, ಬಿಡ್ರಿ."

ಮಾತ್ರೆ ಹಿಡಿಯಿತು. ನೋವು ಮೆಲ್ಲಗೆ ಇಳಿಯಿತು. ದುರುಗವ್ವ ಮತ್ತೆ ಗದ್ದೆಗೆ ಇಳಿದಳು. ಅವಳ ಹೊಟ್ಟೆಯಲ್ಲಿ ಇದ್ದದ್ದು ಇದ್ದ ಹಾಗೇ ಉಳಿಯಿತು.

ಒಂದು ದಿನ ಅವಳು ಗುಡಿಸಲಿಗೆ ಬಂದಳು. ಒಬ್ಬಳೇ ಬರಲಿಲ್ಲ. ದವಾಖಾನೆಯ ವರಾಂಡದ ಹೆಂಗಸರು ಅವಳ ಹಿಂದೆ ಬಂದರು. ಎಲ್ಲರ ಕಂಕುಳಲ್ಲೂ ಒಂದೊಂದು ಹಳೆಯ ಸೀರೆ. ಅಂದು ಗೋಡೆಗೆ ಒರಗಿ "ಮಾಡಿ ಮುಗಿಸ್ಯಾರ" ಎಂದಿದ್ದವಳೂ ಬಂದಿದ್ದಳು.

ಅವರು ಸಾವಂತ್ರವ್ವನ ಕಾಲಿಗೆ ಬಾಗಿದರು. ಅವಳು ಕಾಲು ಮಡಿಚಿ ಸೀರೆಯೊಳಗೆ ಎಳೆದುಕೊಂಡಳು.

ಒಳಗೆ ಕೌದಿ ಹೊಲಿಯುತ್ತ ಕೂತಿದ್ದ ಹುಲಿಗೆಮ್ಮ ಎದ್ದು ನಿಂತಳು. ಅಷ್ಟು ಹೆಂಗಸರು ತನ್ನ ಕಡೆಗೇ ನೋಡುತ್ತಿದ್ದುದನ್ನು ಕಂಡು ಗಂಟಲು ಸರಿಮಾಡಿಕೊಂಡಳು. ಡಿಕ್ಷನರಿಯಲ್ಲಿ ಹುಡುಕಿ ಕಲಿತಿದ್ದ ಹೊಸ ಮಾತುಗಳು ಅವಳ ನಾಲಿಗೆಯ ತುದಿಯಲ್ಲೇ ಇದ್ದವು.

"ನೋಡ್ರಿ, ಪ್ರತಿಯೊಂದು ವರ್ಡಿಗೂ ರೂಟ್ ಅಂತ ಇರ್ತೈತಿ. ಬಿಫೋರ್ ಬಂದ್ರ ಪ್ರಿಫಿಕ್ಸ್, ಆಫ್ಟರ್ ಬಂದ್ರ ಸಫಿಕ್ಸ್. ಇದನ್ನ ಅನಲೈಸ್ ಮಾಡಿದ್ರ ಮೀನಿಂಗ್ ಕ್ಲಿಯರ್ ಆಗ್ತೈತಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ, ವರಾಂಡದಲ್ಲಿ ಅಭ್ಯಾಸವಾದಂತೆ, ತಲೆ ತಗ್ಗಿಸಿ "ಹೂನ್ರಿ" ಎಂದರು.

ದುರುಗವ್ವನೂ ಹೂನ್ರಿ ಎಂದಳು.

ಹುಲಿಗೆಮ್ಮ ಅಲ್ಲೇ ನಿಂತುಬಿಟ್ಟಳು.

ಗೋಡೆಗೆ ಒರಗಿದ್ದವಳು ಮಾತ್ರ ಹೂನ್ ಎನ್ನಲಿಲ್ಲ. ಸಾವಂತ್ರವ್ವನ ಕಡೆ ತಿರುಗಿದಳು.

"ಅವ್ವಾರ, ಈಕಿ ಏನಂತಾಳ್ರಿ?"

ಸಾವಂತ್ರವ್ವ ತನ್ನ ಸೂಜಿಯನ್ನು ಆ ಹೆಂಗಸಿನ ಕೈಗೆ ಕೊಟ್ಟಳು.

"ಆಕೀನ ಕೇಳು. ನಿನಗ ತಿಳಿಯದಂಗ ಹೇಳಿದ್ಲಂದ್ರ, ಆಕಿ ಡಾಕ್ಟರ್‌ನ ಕೇಳಿದಂಗ ಕೇಳು."